ಸರ್ಕಾರಿ ಆಸ್ಪತ್ರೆಯ ಸೇವೆ ಸುಧಾರಿಸಬೇಕಾದರೆ ಮೊದಲು ಪಾಳಿ ಪಟ್ಟಿ ನೋಡೋಣ

ಬಸವನಗುಡಿ ಓದುಗ

ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳ ಮಾತು ಬಂದರೆ ಚರ್ಚೆ ಎರಡೇ ದಾರಿ ಹಿಡಿಯುತ್ತದೆ. ಹೊಸ ಬ್ಲಾಕ್ ಯಾವಾಗ ಉದ್ಘಾಟನೆ, ಎಂಆರ್‌ಐ ಯಂತ್ರ ಬಂತಾ ಎನ್ನುವುದು ಒಂದು. ‘ಸಿಸ್ಟರ್‌ಗಳು ಮುಖ ಕೊಟ್ಟು ಮಾತಾಡಲ್ಲ, ಕಾಸು ಕೊಡದೆ ಸ್ಟ್ರೆಚರ್ ಅಲ್ಲಾಡಲ್ಲ’ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯ ಇದೆ. ಆದರೆ ಅಲ್ಲಿ ದುಡಿಯುವವರು ಎಷ್ಟು ಜನ, ಎಷ್ಟು ಕಾಲಕ್ಕೆ ನೇಮಕವಾದವರು, ಯಾವ ಪಾಳಿಗೆ ಎಷ್ಟು ಮಂದಿ, ಒಬ್ಬರು ರಜೆ ಹಾಕಿದರೆ ಆ ಜಾಗಕ್ಕೆ ಯಾರು ಬರುತ್ತಾರೆ, ಇದನ್ನು ನಾವ್ಯಾರೂ ಕೇಳುವುದಿಲ್ಲ.

ನಮ್ಮ ಮನೆಯ ಹಿರಿಯರೊಬ್ಬರು ಈಚೆಗೆ ನಗರದ ಒಂದು ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿದ್ದರು. ಹಗಲು ಯಾವ ದೂರೂ ಇರಲಿಲ್ಲ. ಡಾಕ್ಟರು ರೌಂಡ್ಸ್‌ಗೆ ಬಂದು ಕೇಸ್ ಶೀಟ್ ನೋಡಿ ಸಮಾಧಾನವಾಗಿ ಮಾತಾಡಿ ಹೋಗುತ್ತಿದ್ದರು. ರಾತ್ರಿ ಡ್ರಿಪ್ ಖಾಲಿಯಾದಾಗ ಕರೆಯಲು ಹೋದರೆ, ಎರಡು ವಾರ್ಡ್‌ಗಳಿಗೆ ಸೇರಿ ಒಬ್ಬರೇ ಸಿಸ್ಟರ್. ಅವರು ಆಚೆ ವಾರ್ಡ್‌ನಲ್ಲಿ ಉಸಿರಾಟದ ತೊಂದರೆಯ ರೋಗಿಯೊಬ್ಬರನ್ನು ನೋಡುತ್ತಿದ್ದರು. ನಮ್ಮ ಪಕ್ಕದ ಹಾಸಿಗೆಯವರ ಮಗ ಅವರ ಮೇಲೆ ಬಾಯಿಗೆ ಬಂದಂತೆ ಕೂಗಾಡಿದ. ಅವನ ಸಂಕಟವೂ ಸುಳ್ಳಲ್ಲ. ಆದರೆ ಆ ಕೂಗು ತಲುಪಬೇಕಾದ ಜಾಗ ಬೇರೆ ಇತ್ತು.

ನನಗೆ ಅನ್ನಿಸುವುದು ಇಷ್ಟು. ರಾತ್ರಿ ಎರಡು ಗಂಟೆಗೆ ರೋಗಿಗೆ ಸಿಗುವ ಆರೈಕೆ ತಿಂಗಳ ಮೊದಲೇ, ಡ್ಯೂಟಿ ಪಟ್ಟಿ ಬರೆದಾಗಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಅದಕ್ಕೇ ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡ್ ಬೇಕು: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಈ ಪಾಳಿಯಲ್ಲಿ ಹಾಜರಿರುವವರು ಎಷ್ಟು. ಒಳಗೆ ಕೆಲಸ ಮಾಡುವವರು, ಮಾಡಿದವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ.

ರಾತ್ರಿ ಪಾಳಿ

ನಾನು ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ. ಯಾವ ಆಸ್ಪತ್ರೆ ಎಂದು ಹೇಳಲಾರೆ.

ಲೆಕ್ಕ ಹೇಳುತ್ತೇನೆ, ಕೇಳಿ. ಬೋಧನಾ ಆಸ್ಪತ್ರೆಯ ಜನರಲ್ ವಾರ್ಡ್‌ಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಮೂರು ಹಾಸಿಗೆಗೆ ಒಬ್ಬ ನರ್ಸ್. ಕೇಳಿದವರು ‘ಇನ್ನೇನು ಬೇಕು ನಿಮಗೆ’ ಅನ್ನುತ್ತಾರೆ. ಆದರೆ ದಿನಕ್ಕೆ ಮೂರು ಪಾಳಿ ಇದೆ. ಹಾಗಾಗಿ ಒಂದು ಪಾಳಿಯಲ್ಲಿ ನಿಂತು ನೋಡಿದರೆ ಒಂಬತ್ತು ಹಾಸಿಗೆಗೆ ಒಬ್ಬರು. ವಾರದ ರಜೆ, ನೈಟ್ ಆಫ್, ಹೆರಿಗೆ ರಜೆ, ತರಬೇತಿ ಇವಕ್ಕೆಲ್ಲ ಸರಿದೂಗಿಸಲು ಶೇ 30ರಷ್ಟು ಜನ ಹೆಚ್ಚುವರಿ ಇರಬೇಕು ಎಂದೂ ಅದೇ ಮಾನದಂಡ ಹೇಳುತ್ತದೆ. 36 ಹಾಸಿಗೆಯ ವಾರ್ಡ್ ಅಂದರೆ 12 ಜನ, ರಜಾ ಮೀಸಲು ಸೇರಿ 16 ಜನ.

ಈ ರಜಾ ಮೀಸಲನ್ನೇ ಮೊದಲು ನುಂಗಿಹಾಕುತ್ತಾರೆ. 16 ಇರಬೇಕಾದಲ್ಲಿ ಎಂಟು ಜನ ಇದ್ದರೆ, ಒಬ್ಬಳು ಬಾಣಂತಿ, ಒಬ್ಬಳು ನಿಯೋಜನೆ ಮೇಲೆ ಬೇರೆ ಕಡೆ, ಒಬ್ಬಳು ತರಬೇತಿಗೆ ಹೋದಳು ಅಂತಾದರೆ, ಉಳಿದ ಐವರಲ್ಲಿ ಮೂರು ಪಾಳಿ ತುಂಬಿಸಬೇಕು. ರಾತ್ರಿಗೆ ಒಬ್ಬಳೇ ಉಳಿಯುತ್ತಾಳೆ. ಹಾಸಿಗೆ 36 ಇದ್ದರೂ ರೋಗಿಗಳು ಅಷ್ಟೇ ಇರುವುದಿಲ್ಲ, ನೆಲದ ಮೇಲೆ ಮಲಗಿದವರೂ ಇರುತ್ತಾರೆ.

ಇದರ ಮೇಲೆ ಬರೆಯುವ ಕೆಲಸ. ಚಾರ್ಟ್, ಇಂಡೆಂಟ್, ಸ್ಟಾಕ್ ಪುಸ್ತಕ, ಹ್ಯಾಂಡೋವರ್ ಪುಸ್ತಕ, ಪೋರ್ಟಲ್‌ಗೆ ಎಂಟ್ರಿ. ಡೇಟಾ ಎಂಟ್ರಿಯವರು ಸಂಜೆಗೆ ಹೊರಟುಹೋದ ಮೇಲೆ ಅದೂ ನಮ್ಮದೇ. ರೋಗಿಯ ಹತ್ತಿರ ನಿಂತು ‘ಹೇಗಿದೀರಜ್ಜಿ’ ಅಂತ ಕೇಳಲು ನನಗೂ ಆಸೆ ಇದೆ ಸರ್. ನರ್ಸಿಂಗ್ ಓದಿದ್ದೇ ಅದಕ್ಕೆ.

ಬೋರ್ಡ್ ಹಾಕಿ. ನಮಗೇನೂ ಭಯವಿಲ್ಲ. ಭಯ ಇರುವವರು ಬೇರೆಯವರು.

ಮಾಗಡಿ ರೋಡ್ ಮಂಜು

ಎಲ್ಲದಕ್ಕೂ ಜನ ಕಮ್ಮಿ ಅಂದ್ರೆ ಹೆಂಗೆ? ನಮ್ಮಮ್ಮನ್ನ ಕರ್ಕೊಂಡು ಬೆಳಿಗ್ಗೆ ಏಳಕ್ಕೆ ಓಪಿಡಿ ಚೀಟಿಗೆ ನಿಂತ್ರೆ ಡಾಕ್ಟ್ರು ಬರೋದು ಹನ್ನೊಂದಕ್ಕೆ. ಸಂಜೆ ಅದೇ ಡಾಕ್ಟ್ರು ಅವರ ಸ್ವಂತ ಕ್ಲಿನಿಕ್‌ನಲ್ಲಿ ಟೈಮಿಗೆ ಸರಿಯಾಗಿ ಕೂತಿರ್ತಾರೆ, ನಗ್ತಾ ಮಾತಾಡಿಸ್ತಾರೆ. ಇದಕ್ಕೆ ಯಾವ ಹುದ್ದೆ ಖಾಲಿ ಇದೆ ಹೇಳಿ. ಬೆರಳು ಒತ್ತೋ ಯಂತ್ರ ಇಟ್ಟು, ತಡ ಆದ್ರೆ ಸಂಬಳ ಕಟ್ ಮಾಡ್ಲಿ. ಸರಿ ಹೋಗತ್ತೆ.

ಅಂಕಿ ಸಂಖ್ಯೆ

ಮಂಜು ಅವರೇ, ನೀವು ಕಂಡದ್ದು ನಿಜ. ಅದನ್ನು ಸಂಶೋಧಕರೂ ಅಳೆದಿದ್ದಾರೆ. ನಾನು ನಿರ್ವಹಣಾ ಶಾಸ್ತ್ರದ ಪಾಠ ಹೇಳುವವನು, ಇದು ನನಗೆ ಬಹಳ ಹತ್ತಿರದ ವಿಷಯ.

ಮಧ್ಯಪ್ರದೇಶದಲ್ಲಿ ಜಿಷ್ಣು ದಾಸ್ ಮತ್ತು ಜೊತೆಗಾರರು ರೋಗಿಗಳಂತೆ ನಟಿಸಲು ತರಬೇತಿ ಪಡೆದವರನ್ನು ಒಬ್ಬನೇ ವೈದ್ಯನ ಬಳಿಗೆ ಎರಡು ಕಡೆ ಕಳಿಸಿದರು, ಸರ್ಕಾರಿ ಕೇಂದ್ರದಲ್ಲೊಮ್ಮೆ, ಅವನ ಖಾಸಗಿ ಕ್ಲಿನಿಕ್‌ನಲ್ಲೊಮ್ಮೆ. ಕ್ಲಿನಿಕ್‌ನಲ್ಲಿ ಅದೇ ವೈದ್ಯ ಹೆಚ್ಚು ಪ್ರಶ್ನೆ ಕೇಳಿದ, ಹೆಚ್ಚು ಪರೀಕ್ಷೆ ಮಾಡಿದ, ಸರಿಯಾದ ಚಿಕಿತ್ಸೆ ಕೊಡುವ ಸಾಧ್ಯತೆಯೂ ಹೆಚ್ಚಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನ. ಓದು ಅದೇ, ಮನುಷ್ಯ ಅವನೇ. ಕೆಲಸದ ಜಾಗ ಅವನಿಂದ ಏನನ್ನು ಕೇಳುತ್ತದೆ ಎನ್ನುವುದಷ್ಟೇ ಬೇರೆ.

ಆದರೆ ಬೆರಳು ಒತ್ತಿ ಹಾಜರಿ ಹಾಕುವ ಯಂತ್ರದ ವಿಷಯಕ್ಕೆ ನಮ್ಮ ಕರ್ನಾಟಕದ್ದೇ ಅನುಭವ ಇದೆ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, ಅವುಗಳಲ್ಲಿ 140ಕ್ಕೆ ಯಂತ್ರ ಕೊಟ್ಟು, ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡರು. ಇಕ್ಬಾಲ್ ಧಲಿವಾಲ್ ಮತ್ತು ರೆಮಾ ಹನ್ನಾ ಅದನ್ನು ಅಧ್ಯಯನ ಮಾಡಿದರು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟರ ಹಾಜರಿ ಏರಿತು. ಹುಟ್ಟುವಾಗ ತೂಕ ಕಡಿಮೆ ಇರುವ ಶಿಶುಗಳ ಪ್ರಮಾಣವೂ ಇಳಿಯಿತು, ಇದು ದೊಡ್ಡ ಫಲ. ಆದರೆ ಯಾರಿಗಾಗಿ ಯಂತ್ರ ತಂದರೋ ಆ ವೈದ್ಯರ ಹಾಜರಿ ಬದಲಾಗಲಿಲ್ಲ. ಗೈರಾದವರ ರಜೆ ಕಡಿಯುವ ನಿಯಮವನ್ನು ಇಲಾಖೆ ಬಿಗಿಯಾಗಿ ಜಾರಿ ಮಾಡಲಿಲ್ಲ. ಡಾಕ್ಟರು ಸಿಗುವುದೇ ಕಷ್ಟ, ಬಿಗಿ ಮಾಡಿದರೆ ಇರುವವರೂ ಬಿಟ್ಟುಹೋಗುತ್ತಾರೆ ಎಂಬ ಅಂಜಿಕೆ ಅದರ ಹಿಂದಿತ್ತು.

ಹಾಗಾಗಿ ಶಿಸ್ತು ಬೇರೆ, ನೇಮಕಾತಿ ಬೇರೆ ಎಂದು ನೋಡಲಾಗದು. ಜನ ಕಡಿಮೆ ಇರುವ ಕಡೆ ಮೇಲಧಿಕಾರಿಗೆ ಶಿಸ್ತು ಕೇಳುವ ಧೈರ್ಯವೇ ಇರುವುದಿಲ್ಲ.

ಇನ್ನೊಂದು ಮಾತು. ಸೇವೆಯ ಗುಣಮಟ್ಟ ಅಳೆಯಲು 1988ರಲ್ಲಿ ಪರಶುರಾಮನ್, ಜೈಥಮಲ್, ಬೆರ್ರಿ ಎಂಬ ಮೂವರು ಒಂದು ಅಳತೆಗೋಲು ಕೊಟ್ಟರು. ಅದರಲ್ಲಿ ಐದು ಅಂಶ: ಕಣ್ಣಿಗೆ ಕಾಣುವ ಸೌಕರ್ಯ, ಹೇಳಿದ್ದನ್ನು ಹೇಳಿದಂತೆ ಮಾಡುವುದು, ಕರೆದಾಗ ಬರುವುದು, ನಂಬಿಕೆ ಹುಟ್ಟಿಸುವುದು, ಕಾಳಜಿ. ಕಟ್ಟಡಕ್ಕೆ, ಯಂತ್ರಕ್ಕೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ. ಉಳಿದ ನಾಲ್ಕೂ ಮನುಷ್ಯರಿಂದಲೇ ಬರಬೇಕು. ನಮ್ಮ ದುಡ್ಡು, ಗಮನ, ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಎಲ್ಲವೂ ಆ ಮೊದಲನೆಯದಕ್ಕೇ ಹೋಗುತ್ತಿದೆ.

ಮಾಗಡಿ ರೋಡ್ ಮಂಜು

ಒಪ್ಪಿದೆ ಸರ್. ಆದ್ರೂ ಬಡವರು ಹನ್ನೊಂದರವರೆಗೆ ಕಾಯೋದು ನಿಲ್ಲಬೇಕು. ಅದನ್ನ ಮರೀಬೇಡಿ.

ನಿವೃತ್ತ ಸೂಪರಿಂಟೆಂಡೆಂಟ್

ಆರೋಗ್ಯ ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ ಕಡತ ನೋಡಿಕೊಂಡು ನಿವೃತ್ತನಾದವನು ನಾನು. ಕಡತದ ಕಡೆಯಿಂದ ಹೇಳಬೇಕಾದ್ದು ಬಹಳ ಇದೆ.

ಮೊದಲನೆಯದಾಗಿ, ‘ಬೆಂಗಳೂರಿನ ಸರ್ಕಾರಿ ಆಸ್ಪತ್ರೆ’ ಎನ್ನುವ ಒಂದೇ ಸಂಸ್ಥೆ ಇಲ್ಲ. ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೊ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದವು, ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತವೆ. ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ಹಲವು ಹೆರಿಗೆ ಆಸ್ಪತ್ರೆಗಳು, ರೆಫರಲ್ ಆಸ್ಪತ್ರೆಗಳು ಪಾಲಿಕೆಯವು. ಆ ಪಾಲಿಕೆಯೂ 2025ರ ಸೆಪ್ಟೆಂಬರ್‌ನಲ್ಲಿ ಐದಾಯಿತು. ಜಯದೇವ, ಕಿದ್ವಾಯಿ ಸ್ವಾಯತ್ತ ಸಂಸ್ಥೆಗಳು. ನಿಮ್ಹಾನ್ಸ್ ಕೇಂದ್ರದ್ದು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಕಾರ್ಮಿಕರ ವಿಮಾ ನಿಗಮದ್ದು. ಪ್ರತಿಯೊಂದಕ್ಕೂ ಬೇರೆ ವೃಂದ, ಬೇರೆ ನೇಮಕಾತಿ ನಿಯಮ, ಬೇರೆ ಜೇಷ್ಠತಾ ಪಟ್ಟಿ. ಒಂದು ಕಡೆ ನರ್ಸ್ ಹೆಚ್ಚಿದ್ದರೂ ಎರಡು ಕಿಲೋಮೀಟರ್ ಆಚೆಗಿನ ಆಸ್ಪತ್ರೆಗೆ ಸುಲಭವಾಗಿ ಕಳಿಸಲು ಬರುವುದಿಲ್ಲ. ರೋಗಿಗೆ ಇದೆಲ್ಲ ಯಾಕೆ ಬೇಕು? ಅವರಿಗೆ ಎಲ್ಲವೂ ದೊಡ್ಡಾಸ್ಪತ್ರೆ.

ಎರಡನೆಯದು, ಮಂಜೂರಾದ ಹುದ್ದೆಯ ಸಂಖ್ಯೆಯನ್ನೇ ನಂಬಬೇಡಿ. ಹಾಸಿಗೆ ಹೆಚ್ಚಿಸಿ ಆಸ್ಪತ್ರೆಯನ್ನು ಮೇಲ್ದರ್ಜೆಗೆ ಏರಿಸಿದ ಆದೇಶ ಬೇಗ ಬರುತ್ತದೆ. ಹುದ್ದೆ ಸೃಷ್ಟಿಯ ಕಡತ ಆರ್ಥಿಕ ಇಲಾಖೆಗೆ ಹೋಗಿ, ‘ಹೊರಗುತ್ತಿಗೆಯಲ್ಲಿ ಪಡೆದುಕೊಳ್ಳಿ’ ಎಂದು ಷರಾ ಬರೆಸಿಕೊಂಡು ವಾಪಸು ಬರುತ್ತದೆ. ಹೀಗಾಗಿ ಹಳೆಯ ಕಾಲದ ಹುದ್ದೆಗಳೆಲ್ಲ ಭರ್ತಿಯಾಗಿದ್ದರೂ ಈಗಿನ ರೋಗಿಗಳಿಗೆ ಜನ ಸಾಲದೆ ಹೋಗಬಹುದು. ಬೋರ್ಡ್‌ನಲ್ಲಿ ನಾಲ್ಕನೇ ಕಾಲಂ ಇರಲಿ: ಮಾನದಂಡದ ಪ್ರಕಾರ ಎಷ್ಟು ಬೇಕು.

ಮೂರನೆಯದು, ಒಂದೇ ವಾರ್ಡ್‌ನಲ್ಲಿ ಮೂರು ಬಗೆಯ ನೌಕರರು. ಖಾಯಂ ಒಬ್ಬರು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು ಒಬ್ಬರು, ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವರು ಒಬ್ಬರು. ಗುತ್ತಿಗೆಯವರಿಗೆ ಮಾರ್ಚ್ ಬಂತೆಂದರೆ ಎದೆ ಡವಡವ, ನವೀಕರಣದ ಆದೇಶ ಬರುವ ತನಕ. ಹೊರಗುತ್ತಿಗೆಯ ಡಿ ಗ್ರೂಪಿನವರದು ಇನ್ನೂ ಕಷ್ಟ. ಆಸ್ಪತ್ರೆ ಏಜೆನ್ಸಿಗೆ ಬಿಲ್ ಪಾವತಿಸುವುದು ತಡವಾದರೆ ಏಜೆನ್ಸಿ ಸಂಬಳ ತಡೆಯುತ್ತದೆ. ಸ್ಟ್ರೆಚರ್ ತಳ್ಳುವವನು ಕೈ ಚಾಚುವುದನ್ನು ನಾನು ಸಮರ್ಥಿಸುವುದಿಲ್ಲ, ಅದು ಲಂಚವೇ. ಆದರೆ ಎರಡು ತಿಂಗಳು ಸಂಬಳವಿಲ್ಲದವನನ್ನು ಆ ಬಾಗಿಲಲ್ಲಿ ನಿಲ್ಲಿಸಿದವರು ಯಾರು ಎಂದೂ ಕೇಳಬೇಕು.

ಖಾಯಂ ಮಾಡಿ ಎಂದರೆ ತಕ್ಷಣ ‘ಉಮಾದೇವಿ ಪ್ರಕರಣ’ ಎನ್ನುತ್ತಾರೆ. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು, 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಹಿಂಬಾಗಿಲ ನೇಮಕಾತಿಗೆ ಖಾಯಮಾತಿಯ ಹಕ್ಕಿಲ್ಲ ಎಂದಿತು. ಆದರೆ ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿ ದುಡಿದ ಅರ್ಹರ ವಿಷಯವನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸಿ ಎಂದೂ ಅದೇ ತೀರ್ಪಿನಲ್ಲಿದೆ. ಆ ಭಾಗವನ್ನು ಕಚೇರಿಗಳಲ್ಲಿ ಯಾರೂ ಓದಿ ಹೇಳುವುದಿಲ್ಲ. 2024ರ ಡಿಸೆಂಬರ್‌ನ ಜಗ್ಗೊ ಪ್ರಕರಣದಲ್ಲಿ, ದೀರ್ಘಕಾಲ ದುಡಿದವರನ್ನು ಕೈಬಿಡಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದನ್ನು ಸುಪ್ರೀಂ ಕೋರ್ಟೇ ಒಪ್ಪಲಿಲ್ಲ. ಮನಸ್ಸಿದ್ದರೆ ಮಾರ್ಗ ಇದೆ. 2025ರ ಮೇ 1ರಂದು ನಮ್ಮ ನಗರದ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಕೊಟ್ಟರಲ್ಲ, ಅದೂ ವರ್ಷಗಟ್ಟಲೆ ಆಗುವುದೇ ಇಲ್ಲ ಎನ್ನುತ್ತಿದ್ದ ಕೆಲಸ.

ಯಶವಂತಪುರದವಳು

ಆಶಾಗಳನ್ನು ಯಾರೂ ನೆನೆಸಲಿಲ್ಲ. ನಮ್ಮಮ್ಮ ಆಶಾ ಕಾರ್ಯಕರ್ತೆ.

ಸರ್ಕಾರದ ಲೆಕ್ಕದಲ್ಲಿ ಅವರು ನೌಕರರೇ ಅಲ್ಲ, ಸ್ವಯಂಸೇವಕಿಯರು. ಬೇರೆ ಬೇರೆ ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಆ ತಿಂಗಳ ದುಡ್ಡು ಇಲ್ಲ. 2025ರ ಜನವರಿಯಲ್ಲಿ ರಾಜ್ಯದ ಎಲ್ಲ ಕಡೆಯಿಂದ ಬಂದು ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು. 15,000 ಕೇಳಿದ್ದರು, ತಿಂಗಳಿಗೆ 10,000 ಖಾತರಿ ಎಂದು ಮುಖ್ಯಮಂತ್ರಿಗಳು ಒಪ್ಪಿದ ಮೇಲೆ ಎದ್ದರು.

ಬೆಂಗಳೂರಿನ ಆಶಾ ಕೆಲಸ ಹಳ್ಳಿಯ ಹಾಗಲ್ಲ. ಕಟ್ಟಡ ಕೆಲಸಕ್ಕೆ ಬಂದ ಕುಟುಂಬ ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಹೆಣ್ಣೂರಿನಲ್ಲಿ. ರಾಯಚೂರಿನ ಗರ್ಭಿಣಿಯ ತಾಯಿ ಕಾರ್ಡ್ ಊರಲ್ಲಿ ಉಳಿದಿರುತ್ತದೆ. ಅಮ್ಮ ಅವಳನ್ನು ಹುಡುಕಿ, ಒಪ್ಪಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ‘ನೀವ್ಯಾರಮ್ಮ, ಹೊರಗೆ ನಿಲ್ಲಿ’ ಅನ್ನುತ್ತಾರೆ. ಒಂದು ಸಲ ಹೀಗೆ ಆದ ಮೇಲೆ ಆ ಹುಡುಗಿ ಮುಂದಿನ ತಪಾಸಣೆಗೆ ಬರಲೇ ಇಲ್ಲ. ಅಮ್ಮನಿಗಾದ ಅವಮಾನ ಅವಳಿಗೆ ಹೆದರಿಕೆಯಾಯಿತು. ಒಳಗಿರುವವರು ಹೊರಗಿನಿಂದ ರೋಗಿ ಕರೆತರುವವರನ್ನು ತಮ್ಮವರು ಅಂದುಕೊಳ್ಳದಿದ್ದರೆ ಸೇವೆ ಬಾಗಿಲಲ್ಲೇ ನಿಂತುಹೋಗುತ್ತದೆ.

ರಾತ್ರಿ ಪಾಳಿ

ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ. ನೀವು ಹೇಳಿದ್ದು ನಮ್ಮಲ್ಲೂ ನಡೆಯುತ್ತದೆ, ನಡೆಯಬಾರದು. ಹೆರಿಗೆ ವಾರ್ಡ್‌ನ ಮೀಟಿಂಗಿನಲ್ಲಿ ಈ ಮಾತು ಎತ್ತುತ್ತೇನೆ.

ವಾರ್ಡ್ ಕ್ಲಿನಿಕ್ ವೈದ್ಯೆ

ನಾನು ‘ನಮ್ಮ ಕ್ಲಿನಿಕ್’ ಒಂದರಲ್ಲಿ ಗುತ್ತಿಗೆ ವೈದ್ಯೆ. 2022ರ ಡಿಸೆಂಬರ್‌ನಲ್ಲಿ ಆರಂಭವಾದ ಯೋಜನೆ. ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿನ ಪಾಲಿಕೆ ವಾರ್ಡ್‌ಗಳಿಗೇ 243 ಎಂಬ ಗುರಿ ಇತ್ತು. ಆಲೋಚನೆ ನಿಜವಾಗಿಯೂ ಒಳ್ಳೆಯದು. ಮನೆಯ ಹತ್ತಿರವೇ ಬಿಪಿ, ಶುಗರ್ ನೋಡಿ ಔಷಧಿ ಕೊಟ್ಟರೆ ವಿಕ್ಟೋರಿಯಾದ ಸಾಲು ಅಷ್ಟು ಕರಗುತ್ತದೆ.

ಒಂದು ಕ್ಲಿನಿಕ್‌ಗೆ ನಾವು ನಾಲ್ಕು ಜನ: ವೈದ್ಯರು, ನರ್ಸ್, ಲ್ಯಾಬ್ ಟೆಕ್ನಿಷಿಯನ್, ಡಿ ಗ್ರೂಪ್. ನಾಲ್ಕರಲ್ಲಿ ಯಾರೊಬ್ಬರು ಬರದಿದ್ದರೂ ಒಂದು ಕಾಲು ಮುರಿದ ಮಂಚದ ಹಾಗೆ. ಬದಲಿ ವ್ಯವಸ್ಥೆ ಕಾಗದದ ಮೇಲೂ ಇಲ್ಲ. ನನಗೆ ಜ್ವರ ಬಂದರೆ ಆ ದಿನ ವಾರ್ಡ್‌ಗೇ ವೈದ್ಯರಿಲ್ಲ.

ಇನ್ನೊಂದು ಸಂಕಟ ಇದೆ, ಅದನ್ನು ನಾನೇ ಹೇಳಬೇಕು. ಈ ಹುದ್ದೆಗೆ ಬರುವ ಬಹಳಷ್ಟು ಎಂಬಿಬಿಎಸ್‌ನವರು ಪಿಜಿ ನೀಟ್‌ಗೆ ಓದುತ್ತಿರುವವರು. ಸೀಟು ಸಿಕ್ಕಿದ ದಿನ ಹೊರಡುತ್ತಾರೆ. ಅವರನ್ನು ದೂರಲಾರೆ. ಗುತ್ತಿಗೆಯಲ್ಲಿ ಉಳಿದು ಬೆಳೆಯುವ ದಾರಿ ಯಾವುದೂ ಇಲ್ಲ, ಬಡ್ತಿ ಇಲ್ಲ, ಸೇವಾ ಹಿರಿತನ ಇಲ್ಲ. ಆದರೆ ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ ಬೇಕಾದ್ದು ಮುಖಪರಿಚಯದ ಡಾಕ್ಟರು. ಹೊಸಬರು ಬಂದಾಗಲೆಲ್ಲ ಮೊದಲಿನಿಂದ ಕತೆ ಹೇಳಬೇಕು ಅಂದರೆ ಅವರು ಬರುವುದನ್ನೇ ಬಿಡುತ್ತಾರೆ. ಅಂಥವರು ಕಾಲಿನ ಹುಣ್ಣು ಕೆಟ್ಟ ಮೇಲೆ ನೇರ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ. ಆಗ ಆಗುವ ಖರ್ಚಿನ ಮುಂದೆ ಒಬ್ಬ ಖಾಯಂ ವೈದ್ಯನ ಸಂಬಳ ಏನೂ ಅಲ್ಲ.

ಬಸವನಗುಡಿ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಮೇಡಂ, ನಮ್ಮ ಬೀದಿಯಲ್ಲೂ ‘ಡಾಕ್ಟರು ಮತ್ತೆ ಬದಲಾದರಂತೆ’ ಎಂಬ ಮಾತು ಕೇಳುತ್ತಲೇ ಇರುತ್ತೇವೆ, ಕಾರಣ ಈಗ ತಿಳಿಯಿತು.

ಒಂದು ಪ್ರಶ್ನೆ. ಜಯದೇವದ ಬಗ್ಗೆ ಜನ ಒಳ್ಳೆಯ ಮಾತಾಡುತ್ತಾರೆ. ಅದೂ ಸರ್ಕಾರದ್ದೇ. ಅಲ್ಲಿ ಆಗುವುದು ಬೇರೆ ಕಡೆ ಯಾಕಾಗುವುದಿಲ್ಲ?

ನಿವೃತ್ತ ಸೂಪರಿಂಟೆಂಡೆಂಟ್

ಅದಕ್ಕೆ ತನ್ನದೇ ಆಡಳಿತ ಮಂಡಳಿ ಇದೆ. ನೇಮಕಾತಿ, ಖರೀದಿ ತೀರ್ಮಾನಗಳಿಗೆ ಪ್ರತಿ ಸಲ ವಿಧಾನಸೌಧದ ಮೆಟ್ಟಿಲು ಹತ್ತಬೇಕಿಲ್ಲ. ಡಾ. ಸಿ.ಎನ್. ಮಂಜುನಾಥ್ ಅವರು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನಿರ್ದೇಶಕರಾಗಿದ್ದರು, 2024ರ ಜನವರಿವರೆಗೆ. ‘ಚಿಕಿತ್ಸೆ ಮೊದಲು, ಹಣ ಆಮೇಲೆ’ ಎಂಬ ನೀತಿ ಸೆಕ್ಯೂರಿಟಿಯವನಿಂದ ಸರ್ಜನ್‌ವರೆಗೆ ಎಲ್ಲರಿಗೂ ಗೊತ್ತಿರುವಷ್ಟು ಕಾಲ ಒಬ್ಬರೇ ಮುಖ್ಯಸ್ಥರು ಇದ್ದರು. ಬೇರೆ ಆಸ್ಪತ್ರೆಗಳಲ್ಲಿ ಮುಖ್ಯಸ್ಥರ ಕುರ್ಚಿಯ ಹಿಂದಿನ ಹಲಗೆಯ ಮೇಲೆ ಹೆಸರುಗಳ ಪಟ್ಟಿ ನೋಡಿ, ಎಷ್ಟು ಬೇಗ ಬೇಗ ಬದಲಾಗಿದ್ದಾರೆ ಎಂದು ತಿಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಸ್ವಾಯತ್ತ ಮಾಡಿ ಎನ್ನಲಾರೆ. ಹೃದ್ರೋಗ ಒಂದೇ ವಿಷಯ ನೋಡುವ ಸಂಸ್ಥೆಗೂ, ಅಪಘಾತ, ಹೆರಿಗೆ, ಸುಟ್ಟಗಾಯ, ವಿಷಪ್ರಾಶನ ಎಲ್ಲಕ್ಕೂ ಬಾಗಿಲು ತೆರೆದಿಡಬೇಕಾದ ಜನರಲ್ ಆಸ್ಪತ್ರೆಗೂ ವ್ಯತ್ಯಾಸವಿದೆ. ಆದರೆ ರಜೆಯ ಜಾಗಕ್ಕೆ ತಾತ್ಕಾಲಿಕ ನರ್ಸ್ ತೆಗೆದುಕೊಳ್ಳುವ ಅಧಿಕಾರವಾದರೂ ಆಸ್ಪತ್ರೆಯ ಮಟ್ಟದಲ್ಲೇ ಇರಬೇಕು.

ಅಂಕಿ ಸಂಖ್ಯೆ

ಅದಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆಯಲ್ಲ. ಅದರಲ್ಲಿ ಸಾರ್ವಜನಿಕ ಪ್ರತಿನಿಧಿಗಳೂ ಇರುತ್ತಾರೆ. ಸಮಿತಿಯ ಸಭೆಗಳಲ್ಲಿ ಪೇಂಟಿಂಗ್, ನೀರಿನ ಫಿಲ್ಟರ್, ಕುರ್ಚಿಗಳ ಚರ್ಚೆ ಆಗುತ್ತದೆ. ಪಾಳಿವಾರು ಸಿಬ್ಬಂದಿಯ ಲೆಕ್ಕವನ್ನು ಪ್ರತಿ ಸಭೆಯ ಮೊದಲ ವಿಷಯವನ್ನಾಗಿ ಮಾಡಿ ಎಂದು ನಾವು ಬರೆದುಕೊಡಬಹುದು.

ಬಸವನಗುಡಿ ಓದುಗ

ಅದರ ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕೋಣ ಅಂದುಕೊಂಡಿದ್ದೇನೆ. ಕರಡು ಹೀಗಿದೆ, ತಿದ್ದಿ:

‘ತಮ್ಮ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಗಳ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಸಂಖ್ಯೆ, ನಿಯೋಜನೆ ಮೇಲೆ ಬೇರೆಡೆ ಇರುವವರ ಸಂಖ್ಯೆ, ಗುತ್ತಿಗೆ ಮತ್ತು ಹೊರಗುತ್ತಿಗೆಯಲ್ಲಿರುವವರ ಸಂಖ್ಯೆಯನ್ನು ಒದಗಿಸುವುದು.’

ರಾತ್ರಿ ಪಾಳಿ

ಇದರಿಂದ ನಿಮಗೆ ಹಗಲಿನ ಚಿತ್ರ ಮಾತ್ರ ಸಿಗುತ್ತದೆ. ಎರಡು ಸೇರಿಸಿ. ಹಿಂದಿನ ಒಂದು ತಿಂಗಳ ರಾತ್ರಿ ಪಾಳಿಯ ವಾರ್ಡ್‌ವಾರು ಡ್ಯೂಟಿ ಪಟ್ಟಿ, ಹೆಸರು ಬೇಡ, ಸಂಖ್ಯೆ ಸಾಕು. ಮತ್ತೆ ಅದೇ ರಾತ್ರಿಗಳ ಮಿಡ್‌ನೈಟ್ ಸೆನ್ಸಸ್. ಪ್ರತಿ ವಾರ್ಡ್‌ನಲ್ಲೂ ರಾತ್ರಿ ಹನ್ನೆರಡಕ್ಕೆ ಎಷ್ಟು ರೋಗಿಗಳಿದ್ದರು ಎಂದು ನಾವೇ ಬರೆದಿಡುತ್ತೇವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಭಾಗಿಸಿ, ಒಬ್ಬ ನರ್ಸ್‌ಗೆ ಎಷ್ಟು ರೋಗಿ ಎಂದು ಬರುತ್ತದೆ. ಆ ದಾಖಲೆ ಇಲ್ಲ ಎಂದು ಯಾವ ಆಸ್ಪತ್ರೆಯೂ ಹೇಳಲು ಬರುವುದಿಲ್ಲ.

ನಿವೃತ್ತ ಸೂಪರಿಂಟೆಂಡೆಂಟ್

ರಾತ್ರಿ ಪಾಳಿಯವರು ಹೇಳಿದ್ದು ಸರಿಯಾಗಿದೆ, ಸೇರಿಸಿ. ಆದರೆ ನೆನಪಿರಲಿ, ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ‘ಶುಶ್ರೂಷಾ ಸಿಬ್ಬಂದಿಯ ಲಭ್ಯತೆ’ ಎಂದು ವಿಷಯ ಬರೆದು ಎಲ್ಲವನ್ನೂ ಅದರ ಕೆಳಗೆ ತನ್ನಿ. ವೈದ್ಯರದ್ದು, ಡಿ ಗ್ರೂಪಿನದು ಪ್ರತ್ಯೇಕ ಅರ್ಜಿ. ಶುಲ್ಕ ಹತ್ತು ರೂಪಾಯಿ. ಆಸ್ಪತ್ರೆ ಯಾವ ಇಲಾಖೆಯದು ಎಂದು ಮೊದಲು ಖಚಿತ ಮಾಡಿಕೊಂಡು ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೇ ಕೊಡಿ, ಇಲ್ಲದಿದ್ದರೆ ವರ್ಗಾವಣೆಯಲ್ಲೇ ದಿನ ಕಳೆಯುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಯ ಕರಡು ನಾನು ಬರೆದುಕೊಡುತ್ತೇನೆ.

ಮಾಗಡಿ ರೋಡ್ ಮಂಜು

ಡಾಕ್ಟ್ರ ಓಪಿಡಿ ಟೈಮಿನ ಅರ್ಜಿ ನಾನು ಹಾಕ್ತೀನಿ. ಹೆಂಗೆ ಬರೀಬೇಕು ಹೇಳಿಕೊಡಿ ಸರ್.